ಅಕ್ಕೂರಿನ ಬೆಂಡೋಲೆ

ಬೆಂಗಳೂರಿನಿಂದ ಮೈಸೂರಿನ ಹಳೆಯ ಹಾದಿಯನ್ನು ಹಿಡಿದು 60 ಕಿಲೋಮೀಟರು ಸಾಗಿದವರಿಗೆ ಚನ್ನಪಟ್ಟಣ ಬಂದಿತೆಂಬುದನ್ನು ಯಾವ ಕೈಕಂಬವೂ ತಿಳಿಸಬೇಕಾಗಿರಲಿಲ್ಲ. ಹಿಂದಿನ ಆಸನದಲ್ಲಿ ಕುಳಿತ ಮಕ್ಕಳೇ ತಿಳಿಸುತ್ತಿದ್ದವು. ರಸ್ತೆಯ ಎರಡು ಮಗ್ಗುಲಲ್ಲಿಯೂ ಗೊಂಬೆಯ ಅಂಗಡಿಗಳು. ಬಾಗಿಲಿಗೆ ತೂಗುಹಾಕಿದ ಗಿಲಕಿ, ಬುಗುರಿ, ತೂಗಾಡುವ ಕುದುರೆ. ಬಿಸಿಲು ಬಿದ್ದಲ್ಲೆಲ್ಲ ಹೊಳೆಯುವ ಕೆಂಪು, ಹಳದಿ, ಹಸುರು. ಈಗ ಆ ಗದ್ದಲ ಇಳಿದಿದೆ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯು ಊರನ್ನು ಹೊಗದೆ ಬಳಸಿಕೊಂಡು ಹೋಗುತ್ತದೆ. ಮೈಸೂರನ್ನು ಮುಟ್ಟುವ ಆತುರವುಳ್ಳವರಿಗೆ ಅದು ದೊಡ್ಡ ಅನುಕೂಲವೇ ಸರಿ. ಆದರೆ ಗೊಂಬೆಯನ್ನು ಕೊಳ್ಳುವವನು ಗೊಂಬೆಯನ್ನು ಕೊಳ್ಳಬೇಕೆಂದು ಮನೆಯಿಂದ ಹೊರಟವನಲ್ಲ. ದಾರಿಯಲ್ಲಿ ಕಂಡು, ಮಗು ಅತ್ತು, ವಾಹನವನ್ನು ನಿಲ್ಲಿಸಿದವನು. ಕಣ್ಣಿಗೆ ಬೀಳದ ಅಂಗಡಿಗೆ ಅಂತಹ ಗಿರಾಕಿ ಬರುವುದೆಲ್ಲಿಂದ?

ನಾವು ಹಳೆಯ ಹಾದಿಯನ್ನೇ ಹಿಡಿದುದಕ್ಕೆ ಬೇರೆ ಕಾರಣವಿದ್ದಿತು. ನನ್ನ ಅಣ್ಣನ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ನನ್ನ ಅತ್ತಿಗೆಯ ತವರೂರು ಅಕ್ಕೂರು. ಚನ್ನಪಟ್ಟಣ ತಾಲ್ಲೂಕಿಗೆ ಸೇರಿದ ಹಳ್ಳಿ. ಅಲ್ಲಿರುವ ಅತ್ತಿಗೆಯ ತಾಯಿ, ನಾವೆಲ್ಲರೂ ಅಜ್ಜಿಯೆಂದೇ ಕರೆಯುವವರು, ತಮ್ಮ ಕಿವಿಯ ಚಿನ್ನದ ಬೆಂಡೋಲೆಯನ್ನು ಮೊಮ್ಮಗಳಿಗೆ ಕೊಡುವುದಾಗಿ ಹೇಳಿಕಳುಹಿಸಿದ್ದರು. ಜೊತೆಯಲ್ಲಿಯೇ, ‘ಕರಗಿಸಿ ಅವಳ ಮಕಕ್ಕೆ ಒಪ್ಪೋದು ಮಾಡಿಸ್ಕೊಳ್ಳಲಿ’ ಎಂಬ ಮಾತೂ ಬಂದಿತ್ತು. ಹುಡುಗಿಗೆ ಇದು ಒಪ್ಪಿಗೆ. ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಭುಜದವರೆಗೆ ಇಳಿಯುವ ಲೋಲಾಕನ್ನು ಅವಳು ಆಗಲೇ ನೋಡಿ ಬಂದಿದ್ದಳು. ಅತ್ತಿಗೆಗೆ ಮಾತ್ರ ತಾಯಿಯ ಓಲೆಯನ್ನು ಮೂಸೆಗೆ ಹಾಕಲು ಮನಸ್ಸಿಲ್ಲ. ‘ನೀವಾದರೂ ಹೇಳಿ’ ಎಂದು ತಾಯಿ ಒಂದು ಕಡೆ, ‘ಅತ್ತೆ, ನೀವೇ ಹೇಳಿ’ ಎಂದು ಮಗಳು ಇನ್ನೊಂದು ಕಡೆ. ಸೋದರತ್ತೆಯಾದವಳ ಪಾಡು ಎಂತಹುದೆಂಬುದನ್ನು ಓದುಗರು ಬಲ್ಲರು.

ಚನ್ನಪಟ್ಟಣದಲ್ಲಿ ಇಳಿದುದು ಹುಡುಗಿಯ ಗೆಳತಿಯರ ದೆಸೆಯಿಂದ. ಮರದ ಜುಮುಕಿಗಳನ್ನು ತರಬೇಕೆಂದು ಅವರು ಪಟ್ಟಿ ಕೊಟ್ಟಿದ್ದರು. ಅಂಗಡಿಯವರು ಒಳಗಿನ ಬೀದಿಯಲ್ಲಿದ್ದ ಒಂದು ಕಾರ್ಖಾನೆಯ ದಾರಿಯನ್ನು ತೋರಿಸಿದರು. ಕಾರ್ಖಾನೆಯೆಂದರೆ ಮನೆಯ ಮುಂಭಾಗದ ಒಂದು ಕೋಣೆ. ನೆಲದ ತುಂಬ ಬಿಳಿಯ ಹೊಟ್ಟು. ವಯಸ್ಸಾದ ಸಾಹೇಬರೊಬ್ಬರು ತಿರುಗುವ ಯಂತ್ರದ ಮುಂದೆ ಕುಳಿತು ಬೆರಳಿನ ದಪ್ಪದ ಮರದ ಕೋಲಿಗೆ ಉಳಿಯನ್ನು ತಾಗಿಸಿದರು. ಎರಡು ನಿಮಿಷವಾಗುವುದರೊಳಗೆ ಕೋಲು ಹೋಗಿ ಗಂಟೆಯ ಆಕಾರದ ಜುಮುಕಿ ನಿಂತಿತು. ಅನಂತರ ಬಣ್ಣದ ಅರಗಿನ ಕಡ್ಡಿಯನ್ನು ತೆಗೆದುಕೊಂಡು, ಸುತ್ತುತ್ತಿರುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಲು ಕಾಯುವುದೂ ಇಲ್ಲ. ಕಡೆಗೆ ಒಂದು ಒಣಗರಿಯನ್ನು ಮಡಿಸಿ ಅದರ ಮೇಲೆ ಸವರಿದರು. ಮಂಕಾಗಿದ್ದ ಬಣ್ಣಕ್ಕೆ ಕನ್ನಡಿಯ ಹೊಳಪು ಬಂದಿತು. ಆ ಗರಿ ಕೇದಗೆಯದು. ಇಲ್ಲಿಯವರು ಅದನ್ನು ತಾಳೆಗರಿಯೆನ್ನುತ್ತಾರೆ.

ಮರವು ಹಾಲೆ, ಆಲೆಮರವೆಂದೂ ಹೇಳುವುದುಂಟು. ಕಡಿದಾಗ ಹಾಲು ಸುರಿಸುವ ಈ ಮರದ ತಿರುಳು ದಂತದಂತೆ ಬಿಳುಪು. ಎಳೆ ಬಹಳ ನಯ. ತಿಂಗಳುಗಟ್ಟಲೆ ಒಣಗಿಸಿ ಕಡೆದರೆ ಸೀಳುವುದಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯದ ಕುಶಲಿಗಳಿಂದ ಈ ವಿದ್ಯೆ ಇಲ್ಲಿಗೆ ಬಂದಿತೆಂದು ಪ್ರತೀತಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನೀ ಕೈಗಾರಿಕೆಯ ಕ್ರಮಗಳನ್ನು ಇದಕ್ಕೆ ಅಳವಡಿಸಿದರೆಂದು ಊರಿನವರು ಅವರನ್ನು ಇಂದಿಗೂ ನೆನೆಯುತ್ತಾರೆ. ಚನ್ನಪಟ್ಟಣದ ಗೊಂಬೆಗೆ 2005–06ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು.

‘ಗೊಂಬೆ ಬಿಟ್ಟು ಓಲೆಗೆ ಬಂದುದೇಕೆ?’ ಎಂದು ಕೇಳಿದೆ.

ಸಾಹೇಬರು ಯಂತ್ರವನ್ನು ನಿಲ್ಲಿಸಿದರು. ‘ಮಗು ಐದು ವರ್ಷ ಆಡುತ್ತೆ, ಆಮೇಲೆ ಬಿಡುತ್ತೆ. ಕಿವಿ ಹಾಗಲ್ಲಮ್ಮ. ಹೆಣ್ಣುಮಗು ಹುಟ್ಟಿದ ವರ್ಷವೇ ಚುಚ್ಚುತ್ತೀರಿ, ಆಮೇಲೆ ಬರಿದು ಬಿಡ್ತೀರಾ?’ ಎಂದು ನಕ್ಕು, ‘ಗೊಂಬೆಗೆ ದಾರಿ ಬೇಕು, ಅಂಗಡಿ ಬೇಕು. ಓಲೆ ಲಕೋಟೆಯಲ್ಲಿ ಹೋಗುತ್ತೆ’ ಎಂದರು. ಹೆದ್ದಾರಿ ಊರನ್ನು ಬಿಟ್ಟುಹೋದ ಮೇಲೂ ಅವರ ಉಳಿ ನಿಲ್ಲದಿರುವುದಕ್ಕೆ ಕಾರಣ ಇಷ್ಟೇ. ಒಂದು ಕುದುರೆಗೆ ಹಿಡಿಯುವ ಮರದಲ್ಲಿ ಎಷ್ಟೋ ಜೊತೆ ಜುಮುಕಿಯಾಗುತ್ತದೆ ಎಂಬುದು ಅವರು ಹೇಳದೆ ಬಿಟ್ಟ ಲೆಕ್ಕ.

ಒಳಗಡೆ ಚಾಪೆಯ ಮೇಲೆ ಕುಳಿತು ಜುಮುಕಿಗಳಿಗೆ ಕೊಂಡಿ ಸೇರಿಸುತ್ತಿದ್ದವರು ಅವರ ಸೊಸೆ. ನಿಜವಾದ ವಿದ್ಯೆ ನಮಗೆ ದೊರೆತುದು ಈಕೆಯಿಂದ. ಹುಡುಗಿ ತನಗಾಗಿ ಉದ್ದನೆಯ, ಮೂರು ಮಣಿ ಪೋಣಿಸಿದ ಒಂದು ಜೊತೆಯನ್ನು ಆರಿಸಿ ಕಿವಿಗೆ ಹಿಡಿದಾಗ, ಆಕೆ ತಲೆಯೆತ್ತಿ ನೋಡಿ, ‘ಅದು ಬೇಡಮ್ಮ’ ಎಂದುಬಿಟ್ಟರು. ಮಾರುವವರೇ ಬೇಡವೆನ್ನುವುದು ಅಪೂರ್ವ. ಏಕೆಂದು ಕೇಳಿದುದಕ್ಕೆ, ‘ಮುಖದಲ್ಲಿ ಇರೋದನ್ನೇ ಕಿವೀಲಿ ಇನ್ನೊಂದು ಸಲ ಇಟ್ಟರೆ ಏನು ಬಂತು? ಇಲ್ಲದ್ದನ್ನು ಇಡಬೇಕು’ ಎಂದರು. ಆಮೇಲೆ ಒಂದು ಮರದ ಬಳೆಯನ್ನು ತೆಗೆದುಕೊಂಡು ಹುಡುಗಿಯ ಕೆನ್ನೆಯ ಪಕ್ಕದಲ್ಲಿ ಹಿಡಿದರು; ಅದನ್ನು ತೆಗೆದು ಒಂದು ಕಡ್ಡಿಯನ್ನು ಹಿಡಿದರು. ಬಳೆಯನ್ನು ಹಿಡಿದಾಗ ಮುಖ ತುಂಬಿತು. ಕಡ್ಡಿಯನ್ನು ಹಿಡಿದಾಗ ಇನ್ನಷ್ಟು ಎಳೆದಂತಾಯಿತು. ನೋಡಿದ ನಾವು ಮೂವರೂ ಸುಮ್ಮನಾದೆವು.

ಸೌಂದರ್ಯದ ಪುಸ್ತಕಗಳು ಇದನ್ನೇ ಪುಟಗಟ್ಟಲೆ ಬರೆಯುತ್ತವೆ. ಕಣ್ಣು ಗೆರೆಯ ಹಿಂದೆ ಓಡುವ ಪ್ರಾಣಿ. ಕಿವಿಯಿಂದ ಕೆಳಕ್ಕೆ ಗೆರೆ ಇಳಿದರೆ ಅದೂ ಇಳಿಯುತ್ತದೆ, ಮುಖ ಉದ್ದವೆಂದು ತೋರುತ್ತದೆ. ಕಿವಿಯ ಬಳಿ ಅಗಲವಾದ ವಸ್ತು ಇದ್ದರೆ ಅದು ಅಡ್ಡಕ್ಕೆ ಓಡುತ್ತದೆ, ಕೆನ್ನೆ ತುಂಬಿದಂತೆ ಕಾಣುತ್ತದೆ. ಗುಂಡು ಮುಖದವರಿಗೆ ಆದುದರಿಂದ ಇಳಿಬೀಳುವ ಲೋಲಾಕು, ನೀಳವಾದ ಹನಿಯಾಕಾರ, ಮೂಲೆಗಳುಳ್ಳ ವಿನ್ಯಾಸ ಒಪ್ಪುತ್ತವೆ. ದೊಡ್ಡ ಗುಂಡು ಬೆಂಡೋಲೆ ಒಂದು ಚಂದ್ರನ ಪಕ್ಕದಲ್ಲಿ ಇನ್ನೆರಡು ಚಂದ್ರರನ್ನು ಇಟ್ಟಂತೆ. ಕೋಲುಮುಖಕ್ಕೆ ಇದರ ವಿರುದ್ಧ: ಕಿವಿಗೆ ಅಂಟಿ ಕೂರುವ ಅಗಲವಾದ ಓಲೆ, ಗಿಡ್ಡನೆಯ ತುಂಬು ಜುಮುಕಿ, ದುಂಡನೆಯ ಬಳೆಯೋಲೆ. ದವಡೆಯ ಮೂಲೆಗಳು ಎದ್ದು ಕಾಣುವ ಚೌಕ ಮುಖದವರು ಬಾಗಿದ ಗೆರೆಗಳನ್ನು ಆರಿಸಿಕೊಳ್ಳಬೇಕು. ಅವರು ಇನ್ನೊಂದನ್ನೂ ಗಮನಿಸಬೇಕು: ಓಲೆ ಎಲ್ಲಿ ಮುಗಿಯುತ್ತದೆಯೋ ಕಣ್ಣು ಅಲ್ಲಿ ನಿಲ್ಲುತ್ತದೆ. ಸರಿಯಾಗಿ ದವಡೆಯ ಮೂಲೆಯಲ್ಲಿ ಮುಗಿಯುವ ಓಲೆ ಆ ಮೂಲೆಯನ್ನೇ ಬೆರಳಿಟ್ಟು ತೋರಿಸುತ್ತದೆ. ಒಂದು ಬೆರಳು ಮೇಲೆ ಅಥವಾ ಕೆಳಗೆ ಮುಗಿದರೆ ಆ ತೊಂದರೆಯಿಲ್ಲ.

ಹಣೆ ಅಗಲ, ಗಲ್ಲ ಚೂಪು, ವೀಳ್ಯದೆಲೆಯಂತಹ ಮುಖ ನಮ್ಮಲ್ಲಿ ಬಹಳ. ಇವರಿಗೆ ಕೆಳಭಾಗ ಅರಳಿದ ಜುಮುಕಿ ಹೇಳಿಮಾಡಿಸಿದಂತಹುದು. ಗಲ್ಲದ ಬಳಿ ಇಲ್ಲದ ಅಗಲವನ್ನು ಅದು ತಂದುಕೊಡುತ್ತದೆ. ನಮ್ಮ ನಾಡಿನಲ್ಲಿ ಜುಮುಕಿ ಎಂದೂ ಹಳತಾಗದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನನ್ನ ಊಹೆ. ಸೀಬೆಯ ಹಣ್ಣಿನಂತೆ ಕೆಳಗೆ ಅಗಲವಾದ ಮುಖಕ್ಕೆ ಮೇಲೆ ಅಗಲ, ಕೆಳಗೆ ಸಣ್ಣವಾಗುವ ಓಲೆ ಲೇಸು. ಇನ್ನು ಮೊಟ್ಟೆಯಾಕಾರದ ಮುಖವುಳ್ಳ ಪುಣ್ಯವಂತೆಯರಿಗೆ ಸಲಹೆಯ ಅಗತ್ಯವೇ ಇಲ್ಲ; ಅವರಿಗೆ ಬೇಕಾದುದು ಹಣ ಮಾತ್ರ. ಮುಖ ಯಾವುದೇ ಇರಲಿ, ಕುತ್ತಿಗೆ ಗಿಡ್ಡವಾದವರು ಭುಜಕ್ಕೆ ತಾಗುವ ಓಲೆಯನ್ನು ಬಿಡುವುದೇ ಮೇಲು. ಕನ್ನಡಕ ಹಾಕುವವರು ಚೌಕಟ್ಟಿಗೂ ಓಲೆಗೂ ಜಗಳ ಹತ್ತದಂತೆ ಎರಡರಲ್ಲೊಂದನ್ನು ಚಿಕ್ಕದಾಗಿರಿಸಿಕೊಳ್ಳಬೇಕು.

ತಮ್ಮ ಮುಖದ ಆಕಾರವೇ ಗೊತ್ತಿಲ್ಲವೆನ್ನುವವರು ಅನೇಕರು. ದಿನವೂ ನೋಡುವ ವಸ್ತುವನ್ನೇ ನಾವು ಅಳೆಯುವುದಿಲ್ಲ. ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿ, ಕನ್ನಡಿಯೆದುರು ನೆಟ್ಟಗೆ ನಿಂತು, ಒಂದು ಕಣ್ಣನ್ನು ಮುಚ್ಚಿ, ಒದ್ದೆ ಸಾಬೂನಿನ ಚೂರಿನಿಂದ ಮುಖದ ಅಂಚನ್ನು ಕನ್ನಡಿಯ ಮೇಲೆಯೇ ಬರೆಯಿರಿ. ಬರೆದು ಹಿಂದಕ್ಕೆ ಸರಿದು ನೋಡಿದರೆ ಗುಂಡೋ, ಕೋಲೋ, ವೀಳ್ಯದೆಲೆಯೋ ಎಂಬುದು ತಾನಾಗಿ ಗೊತ್ತಾಗುತ್ತದೆ. ಆ ಗೆರೆ ನಿಮ್ಮ ಮುಖದ ಸರಿಯಾಗಿ ಅರ್ಧದಷ್ಟಿರುತ್ತದೆ. ಕನ್ನಡಿಯಿಂದ ಎಷ್ಟು ದೂರ ನಿಂತು ಬರೆದರೂ ಅರ್ಧವೇ. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ಇದಕ್ಕೆ ಕಾರಣವನ್ನು ಕೇಳಿ. ಒಂದು ಸಂಜೆ ಕಳೆಯುತ್ತದೆ.

ಸೊಸೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಹುಡುಗಿಯ ಕಿವಿಯ ಹಾಲೆಯನ್ನು ಎರಡು ಬೆರಳುಗಳಲ್ಲಿ ಹಿಡಿದು, ‘ಇದನ್ನೂ ಕೇಳಬೇಕು, ಮುಖವನ್ನು ಮಾತ್ರ ಕೇಳಿದರೆ ಸಾಲದು’ ಎಂದರು. ಕಿವಿಯ ಮೇಲುಭಾಗದಲ್ಲಿ ಮೃದುವಾದ ಎಲುಬಿದೆ. ಹಾಲೆಯಲ್ಲಿ ಚರ್ಮ ಮತ್ತು ಕೊಬ್ಬು ಬಿಟ್ಟರೆ ಬೇರೆ ಆಧಾರವಿಲ್ಲ. ವರ್ಷಗಟ್ಟಲೆ ಭಾರ ಹೊತ್ತರೆ ತೂತು ಉದ್ದವಾಗಿ ಸೀಳಿನಂತಾಗುತ್ತದೆ; ಒಮ್ಮೊಮ್ಮೆ ಹರಿದೂಹೋಗುತ್ತದೆ. ಹರಿದುದನ್ನು ವೈದ್ಯರು ಹೊಲಿದು ಸರಿಪಡಿಸಬಲ್ಲರು. ಆದರೆ ಹರಿಯದಂತೆ ನೋಡಿಕೊಳ್ಳುವುದು ಅಗ್ಗ. ಶುದ್ಧ ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಒಣಗಿದ ಹಾಲೆಮರವೋ ನೀರಿಗಿಂತ ಹಗುರ. ಚಿನ್ನದಲ್ಲಿ ಕಿವಿಯನ್ನು ಎಳೆಯುವಷ್ಟು ದೊಡ್ಡ ಜುಮುಕಿ ಮರದಲ್ಲಾದರೆ ಇರುವುದೇ ಮರೆತುಹೋಗುತ್ತದೆ. ಚಿನ್ನದಲ್ಲಿ ದೊಡ್ಡದನ್ನು ಬಯಸುವವರು ಮಾಟಿಯನ್ನು ಬಿಡಬಾರದು. ಓಲೆಯಿಂದ ಹೊರಟು ಕಿವಿಯ ಹಿಂದೆ ಹಾದು ಕೂದಲಿಗೆ ಸಿಕ್ಕಿಕೊಳ್ಳುವ ಆ ಸರಪಣಿಯನ್ನು ಬರಿಯ ಶೃಂಗಾರವೆಂದು ತಿಳಿದವರುಂಟು. ಭಾರವನ್ನು ಹಾಲೆಯ ಮೇಲಿಂದ ತಲೆಗೂದಲಿಗೆ ದಾಟಿಸಿದ ಯಾರೋ ಜಾಣೆಯ ಉಪಾಯ ಅದು.

ಮರದ ಓಲೆಗೂ ಅದರದೇ ಆದ ಮಡಿ ಇದೆ. ಅರಗು ಕಾವಿಗೆ ಮೆತ್ತಗಾಗುತ್ತದೆ, ಮದ್ಯಸಾರದಲ್ಲಿ ಕರಗುತ್ತದೆ. ಆದುದರಿಂದ ಸುಗಂಧವನ್ನು ಸಿಂಪಡಿಸಿಕೊಂಡು ಅದು ಆರಿದ ಮೇಲೆ ಓಲೆಯನ್ನು ತೊಡಬೇಕು; ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೊಡನೆ ಮುಟ್ಟಬಾರದು; ಬಿಸಿನೀರಿನ ಸ್ನಾನಕ್ಕೆ ತೆಗೆದಿಡಬೇಕು. ಅಗ್ಗದ ಲೋಹದ ಕೊಂಡಿಗೆ ಕಿವಿ ಕೆಂಪಾಗುವವರು ಬೆಳ್ಳಿಯ ಕೊಂಡಿಯನ್ನು ಹಾಕಿಸಿಕೊಳ್ಳಬಹುದು. ಈ ಬಿಸಿನೀರಿನ ಮಾತು ಅಕ್ಕೂರಿನಲ್ಲಿ ನಮಗೆ ಎದುರಾಗುವುದಿತ್ತು.

ಅಕ್ಕೂರಿಗೆ ಬಸ್ಸು ಹತ್ತಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಕಾರನ್ನು ಅಣ್ಣ ಬೇರೆ ಕೆಲಸಕ್ಕೆ ಒಯ್ದಿದ್ದ. ಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವಳಿಗೆ ಓಲೆಯ ವಿಚಾರವೇ ತಲೆಯಲ್ಲಿ ತುಂಬಿದ್ದುದರಿಂದ ಸಹಪ್ರಯಾಣಿಕರ ಕಿವಿಗಳೇ ಕಣ್ಣಿಗೆ ಬಿದ್ದವು. ಶಾಲೆಯ ಹುಡುಗಿಯರ ಕಿವಿಯಲ್ಲಿ ಸಾಸಿವೆ ಕಾಳಿನಂತಹ ಟಿಕ್ಕಿ. ನಡುವಯಸ್ಸಿನವರಲ್ಲಿ ಕಲ್ಲಿನ ಓಲೆ. ಸೊಪ್ಪಿನ ಬುಟ್ಟಿಯ ಮುದುಕಿಯೊಬ್ಬರ ಕಿವಿಯಲ್ಲಿ ಮಾತ್ರ, ಮೇಲ್ಗಡೆ ಬುಗುಡಿ ಇದ್ದಿತೆಂಬುದಕ್ಕೆ ಗುರುತಾಗಿ ಎರಡು ಬರಿಯ ತೂತು.

ಓಲೆಯೆಂಬ ಹೆಸರನ್ನೇ ನೋಡಿ. ಓಲೆಯೆಂದರೆ ತಾಳೆಯ ಗರಿ. ಅದರ ಮೇಲೆ ಬರೆದುದು ಓಲೆ, ಕಳುಹಿಸಿದ ಕಾಗದವೂ ಓಲೆ. ಅದೇ ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿನಲ್ಲಿ ಇಟ್ಟುಕೊಂಡುದು ಕಿವಿಯೋಲೆ. ಬೆಂಡೋಲೆಯಲ್ಲಿರುವ ಬೆಂಡು ನೀರಿನಲ್ಲಿ ತೇಲುವ ಹಗುರವಾದ ಸಸ್ಯದ ತಿರುಳು. ಚಿನ್ನ ಬಂದಿತು, ಕೆಂಪು ಬಂದಿತು, ವಜ್ರ ಬಂದಿತು. ಹೆಸರು ಮಾತ್ರ ಗರಿಯದೂ ಬೆಂಡಿನದೂ ಆಗಿಯೇ ಉಳಿಯಿತು. ಚನ್ನಪಟ್ಟಣದ ಮರದ ಓಲೆಯನ್ನು ಹೊಸ ಕಾಲದ ಷೋಕಿಯೆಂದು ಮೂಗು ಮುರಿಯುವವರು ಇದನ್ನು ನೆನೆಯುವುದೊಳ್ಳೆಯದು. ಗಿಡಮರಗಳಿಂದ ಚಿನ್ನಕ್ಕೆ ಹೋದ ಕಿವಿ ಪುನಃ ಮರಕ್ಕೆ ಬಂದಿದೆ, ಅಷ್ಟೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡಿದವರಿಗೆ ಅವರ ದೊಡ್ಡ ದುಂಡು ಕರ್ಣಾಭರಣಗಳು ನೆನಪಿರಬಹುದು. ಗುಂಡು ಮುಖಕ್ಕೆ ಗುಂಡೋಲೆ ಸಲ್ಲದೆಂಬ ಶಾಸ್ತ್ರವನ್ನು ಹೊಯ್ಸಳ ಶಿಲ್ಪಿ ಲಕ್ಷಿಸಿಲ್ಲ; ಕಲ್ಲಿನ ಸುಂದರಿಗೆ ಹಾಲೆ ಹರಿಯುವ ಭಯವೂ ಇಲ್ಲ.

ಅಕ್ಕೂರು ದೊಡ್ಡ ಊರೇನಲ್ಲ. ಪಂಚಾಯಿತಿ, ಪೊಲೀಸ್ ಠಾಣೆ, ತೆಂಗಿನ ತೋಟ, ರಾಗಿಯ ಹೊಲ, ಸಾಲುಸಾಲು ಹಿಪ್ಪುನೇರಳೆ. (ಊರಿನ ಹೆಸರಿಗೂ ಅಕ್ಕಸಾಲಿಗೂ ನಂಟು ಹುಡುಕುವ ಚಪಲ ನನಗೂ ಹುಟ್ಟಿತ್ತು, ಅದಕ್ಕೆ ಆಧಾರವಿಲ್ಲ.) ಈ ಸೀಮೆಯನ್ನು 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿಸಿದರು, ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು 2025ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿತು. ಹೆಸರು ಬೆಂಗಳೂರಿನದಾದರೂ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಬಿದಿರಿನ ಚಂದ್ರಿಕೆಗಳು ಗೋಡೆಗೆ ಒರಗಿಯೇ ಇದ್ದವು. ಹಣ್ಣಾದ ಹುಳುಗಳನ್ನು ಬಿಟ್ಟರೆ ಅವುಗಳ ಸುರುಳಿಯ ನಡುವೆ ಗೂಡು ಕಟ್ಟುತ್ತವೆ. ಆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಆ ಮನೆಯ ಅಕ್ಕಿ, ಬಟ್ಟೆ, ಶಾಲೆಯ ಶುಲ್ಕ ಎಲ್ಲವೂ ಆ ಗೂಡಿನಿಂದ ಬಂದುದು.

ಗೂಡು ಕೈಕೊಟ್ಟಾಗ ಓಲೆಯಿಂದ ಬಂದುದು.

ಈ ಕಥೆಯನ್ನು ಅಜ್ಜಿ ಕಾಫಿಯ ಲೋಟವನ್ನು ನಮ್ಮ ಕೈಗಿಡುತ್ತ ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದರು. ‘ಐದು ಕಿತ ಹೋಗಿ ಬಂದದೆ ಕಣವ್ವ ಇದು. ಹುಳ ಸತ್ತ ವರ್ಸ ಒಂದು ಕಿತ. ಬೋರು ತೆಗ್ಸಿದಾಗ ಒಂದು ಕಿತ. ನಿಮ್ ಅತ್ತಿಗೆ ಕಾಲೇಜಿಗೆ ಸೇರಿದಾಗ ಒಂದು ಕಿತ.’ ಉಳಿದೆರಡನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಓಲೆ ಒತ್ತೆಗೆ ಹೋದಾಗಲೆಲ್ಲ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ. ಯಜಮಾನರು ಬದುಕಿರುವಾಗ ಮುತ್ತೈದೆಯ ಕಿವಿ ಬರಿದಾಗಿರಬಾರದು. ನಮ್ಮ ಭಾಷೆಯಲ್ಲಿ ಮುತ್ತೈದೆತನಕ್ಕೆ ಓಲೆಭಾಗ್ಯವೆಂದೇ ಹೆಸರಲ್ಲವೆ? ಕಡ್ಡಿಯ ಕಿವಿಯಲ್ಲಿ ಮದುವೆ ಮುಂಜಿಗೆ ಹೋಗಲು ನಾಚಿಕೆಯಾಗಿ, ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳುವ ಅಭ್ಯಾಸವಾಯಿತಂತೆ. ಇಂದಿಗೂ ಹೊಸಬರು ಬಂದರೆ ಅವರ ಕೈ ತಾನಾಗಿ ಸೆರಗಿಗೆ ಹೋಗುವುದನ್ನು ನಾನು ನೋಡಿದೆ.

‘ಹಂಗಾದ್ರೆ ಕರಗಿಸೋದ್ಯಾಕಮ್ಮ?’ ಎಂದು ಅತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡರು.

‘ನನ್ ಮಕಕ್ಕೆ ಮಾಡ್ಸಿದ್ದು. ಅವಳ ಮಕವೇ ಬ್ಯಾರೆ’ ಎಂದರು ಅಜ್ಜಿ. ಅವರ ಮದುವೆಯ ಕಾಲದಲ್ಲಿ ಆಚಾರರು ಮನೆಗೇ ಬಂದು, ಜಗಲಿಯ ಮೇಲೆ ಕುಳಿತು, ಹುಡುಗಿಯನ್ನು ಎದುರಿಗೆ ನಿಲ್ಲಿಸಿ ನೋಡಿ, ಅನಂತರ ಕೆಲಸವನ್ನು ಹಿಡಿಯುತ್ತಿದ್ದರಂತೆ. ನೂರು ಜೊತೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಮುಖವನ್ನು ಅವುಗಳಿಗೆ ಹೊಂದಿಸುವ ಕ್ರಮ ಅಂದು ಇರಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಯ ಈಗಿನ ಮುಖ ತುಂಬಿಕೊಂಡು ಗುಂಡಗಾಗಿದೆ, ಹುಡುಗಿಯದು ನೀಳ. ಬೇರೆಯೆಂದು ಅವರಂದುದು ಸರಿಯೆಂದೇ ಎಲ್ಲರಿಗೂ ತೋರಿತು. ‘ಅಜ್ಜಿಯ ಓಲೆ ಹಾಕಿಕೊಂಡರೆ ನಾನೂ ಅಜ್ಜಿಯ ಹಾಗೆಯೇ ಕಾಣುತ್ತೇನೆ’ ಎಂದು ಹುಡುಗಿ ಮೆಲ್ಲಗೆ ಗೊಣಗಿದಳು.

ಆಗ ಗೋಡೆಯ ಮೇಲಿದ್ದ ಚಿತ್ರವನ್ನು ತೋರಿಸಿದವಳು ಅತ್ತಿಗೆ. ಅಜ್ಜಿಯೂ ತಾತನೂ ಮದುವೆಯಾದ ಹೊಸದರಲ್ಲಿ ಚನ್ನಪಟ್ಟಣಕ್ಕೆ ಹೋಗಿ ತೆಗೆಸಿದ್ದು. ಬಣ್ಣ ಮಾಸಿದೆ, ಆದರೆ ಆ ಹದಿನೆಂಟರ ಹೆಣ್ಣಿನ ಮುಖ ಅಪ್ಪಟ ಕೋಲುಮುಖ. ಕೆನ್ನೆ ಒಳಕ್ಕೆ, ಗಲ್ಲ ಕೆಳಕ್ಕೆ. ಎರಡು ಪಕ್ಕದಲ್ಲಿ ಅಗಲವಾದ ಬೆಂಡೋಲೆ ಕುಳಿತು ಮುಖವನ್ನು ತುಂಬಿಕೊಟ್ಟಿವೆ. ಮುಖದಲ್ಲಿ ಇಲ್ಲದ್ದನ್ನು ಕಿವಿಯಲ್ಲಿ ಇಡಬೇಕೆಂದು ಚಾಪೆಯ ಮೇಲೆ ಕುಳಿತ ಆ ಸೊಸೆ ಬೆಳಿಗ್ಗೆ ಹೇಳಿದುದನ್ನು ಜಗಲಿಯ ಮೇಲೆ ಕುಳಿತ ಆಚಾರರು ಅಂದೇ ಮಾಡಿಟ್ಟಿದ್ದರು.

ಅಜ್ಜಿಯ ಕನ್ನಡಿಯ ಮೇಲೆ ಸಾಬೂನಿನ ಪ್ರಯೋಗವನ್ನೂ ಮಾಡಿದೆವು. ಹುಡುಗಿಯ ಮುಖದ ಗೆರೆ ಸೋರೆಬುರುಡೆಯಷ್ಟು ಉದ್ದ ಬಂದುದನ್ನು ಕಂಡು ಅವಳ ತಮ್ಮ ನೆಲದ ಮೇಲೆ ಹೊರಳಿ ನಕ್ಕ. ಅಜ್ಜಿ ಓಲೆಯ ತಿರುಪನ್ನು ಬಿಚ್ಚಿದರು. ಬಿಚ್ಚುವ ಮೊದಲು ಬೇವಿನ ಕಡ್ಡಿಯ ಎರಡು ಚೂರುಗಳನ್ನು ಮುರಿದಿಟ್ಟುಕೊಂಡಿದ್ದರು. ಒಂದೊಂದು ಕಿವಿಯೂ ಕ್ಷಣಮಾತ್ರವೇ ಬರಿದಾಗಿದ್ದಿತು. ಹುಡುಗಿಯ ತೂತು ಚಿಕ್ಕದು, ಓಲೆಯ ಕಡ್ಡಿ ದಪ್ಪ, ಒಳಹೋಗಲಿಲ್ಲ. ಅಂಟಿಸಿ ಹಿಡಿದು ನೋಡಿದೆವು. ಲೋಲಾಕಿನ ಚಿತ್ರ ಅವಳ ಫೋನಿನಲ್ಲಿದ್ದಿತು. ಅದನ್ನೂ ಕೆನ್ನೆಯ ಪಕ್ಕದಲ್ಲಿ ಹಿಡಿದು ನೋಡಿದೆವು. ಯಾರೂ ತೀರ್ಪು ಹೇಳಬೇಕಾಗಲಿಲ್ಲ. ಹುಡುಗಿ ಫೋನನ್ನು ಕೆಳಗಿಟ್ಟು ಬೆಂಡೋಲೆಯನ್ನು ಕೆಳಗಿಡದೆ ಕನ್ನಡಿಯ ಮುಂದೆಯೇ ನಿಂತಳು.

ನನ್ನ ಅಭಿಪ್ರಾಯವನ್ನು ಕೇಳಿದುದರಿಂದ ಹೇಳಿದೆ. ಹಳೆಯ ಒಡವೆಯನ್ನು ಕರಗಿಸಿದರೆ ಬೆಸುಗೆಯ ಅಂಶ ಕಳೆದು ತೂಕ ಇಳಿಯುತ್ತದೆ. ಹೊಸದಕ್ಕೆ ಮಜೂರಿ, ಸವಕಳಿಯೆಂದು ಪುನಃ ತೆರಬೇಕು. ಐದು ಸಲ ಒತ್ತೆಯಿಂದ ಬಿಡಿಸಿ ತಂದುದನ್ನು ಆರನೆಯ ಸಲ ನಾವೇ ಕಳೆದುಕೊಳ್ಳುವುದು ಯಾವ ಜಾಣತನ? ಬದಲಾಯಿಸಬೇಕಾದುದು ಕಡ್ಡಿ ಮತ್ತು ತಿರುಪು ಮಾತ್ರ. ಚನ್ನಪಟ್ಟಣದ ಅಕ್ಕಸಾಲಿಯೊಬ್ಬರು ಅದನ್ನು ತೆಳುವಾಗಿ ಮಾಡಿಕೊಟ್ಟರು. ಜೋಡಿಯ ತೂಕ ಹತ್ತು ಗ್ರಾಮಿಗೆ ಕೊಂಚ ಹೆಚ್ಚಾದುದರಿಂದ ಹುಡುಗಿಯ ಎಳೆಯ ಹಾಲೆಗೆ ಭಾರವಾಗದಿರಲೆಂದು ಮಾಟಿಯನ್ನೂ ಸೇರಿಸಿದರು. ಮುಹೂರ್ತಕ್ಕೆ ಅದೇ. ಕಚೇರಿಗೆ ಹೋಗುವ ದಿನಗಳಿಗೆಂದು ಗಿಡ್ಡನೆಯ, ತುಂಬು ಹೊಟ್ಟೆಯ ಮರದ ಜುಮುಕಿ. ಅದನ್ನು ಸೊಸೆ ಆಗಲೇ ಆರಿಸಿ ಕೊಟ್ಟಿದ್ದರು.

ಅಜ್ಜಿಯ ಕಿವಿಯ ಪ್ರಶ್ನೆ ಉಳಿಯಿತು. ಬೇರೆ ಚಿನ್ನವನ್ನು ಕೊಡಿಸುವೆವೆಂದರೆ ಒಪ್ಪಲಿಲ್ಲ. ‘ಮದುವೆ ಖರ್ಚೇ ತಲೆ ಮ್ಯಾಲೈತೆ’ ಎಂದು ಸುಮ್ಮನಾಗಿಸಿದರು. ಅಕ್ಕಸಾಲಿಯ ಕೆಲಸಕ್ಕಾಗಿ ಚನ್ನಪಟ್ಟಣಕ್ಕೆ ಹೋದಾಗ ನಾನು ಅವರ ಹಳೆಯ ಓಲೆಯ ಅಳತೆಯನ್ನು ಸಾಹೇಬರ ಮುಂದಿಟ್ಟೆ. ಅಷ್ಟು ದೊಡ್ಡ ತೂತಿಗೆ ಕೊಂಡಿ ನಿಲ್ಲದೆಂದು ಅವರು ಓಲೆಯನ್ನೂ ಅದರ ದಪ್ಪ ಕಡ್ಡಿಯನ್ನೂ ಒಂದೇ ಹಾಲೆಮರದ ತುಂಡಿನಲ್ಲಿ ಕಡೆದು, ಹಿಂದಕ್ಕೆ ಮರದ್ದೇ ಒಂದು ಬಿರಡೆ ಮಾಡಿ, ಮುಖಕ್ಕೆ ಕೆಂಪು ಅರಗನ್ನು ಕೊಟ್ಟರು. ಗುಂಡು ಮುಖಕ್ಕೆ ಗುಂಡೋಲೆ, ಶಾಸ್ತ್ರದಂತೆ ಸಲ್ಲದ್ದು. ಅಜ್ಜಿಗೆ ನೀಳ ಓಲೆಯನ್ನು ತೊಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ತೊಟ್ಟುಕೊಂಡು, ತಲೆಯನ್ನು ಅತ್ತಿತ್ತ ಆಡಿಸಿ, ‘ಅಯ್ಯೊ, ಏನೂ ಇಲ್ವೇ ಇಲ್ಲ ಅನ್ನಂಗದೆ’ ಎಂದರು. ಹಗುರವಾದುದು ಅವರಿಗೆ ಸಂತೋಷವೋ ಕೊರತೆಯೋ ತಿಳಿಯಲಿಲ್ಲ. ಬಿಸಿನೀರು ತಾಗಬಾರದೆಂಬ ಸೊಸೆಯ ಮಾತನ್ನು ಹೇಳಿದೆ. ‘ಎಣ್ಣೆನೀರಿಗೆ ತೆಗೀಬೇಕಾ? ತಾತ ಇರೋ ಗಂಟ ಕಿವಿ ಬರಿದು ಮಾಡಕ್ಕಾಯ್ತದಾ?’ ಎಂದು ಹುಬ್ಬೇರಿಸಿದರು. ಇದಕ್ಕೆ ಸಾಹೇಬರ ಬಳಿಯಾಗಲಿ ನನ್ನ ಬಳಿಯಾಗಲಿ ಉತ್ತರವಿರಲಿಲ್ಲ. ಉತ್ತರವನ್ನು ಅವರೇ ಕಂಡುಕೊಂಡರು. ಈಗ ಎಣ್ಣೆನೀರಿನ ದಿನ ಹಂಡೆಯ ಒಲೆಗೆ ಉರಿ ಹಾಕುವ ಮುನ್ನ ಹಿತ್ತಿಲಿನ ಬೇವಿನ ಗಿಡದ ಬಳಿಗೆ ಹೋಗಿ ಎರಡು ಕಡ್ಡಿಗಳನ್ನು ಮುರಿದು ತರುತ್ತಾರೆ; ಸ್ನಾನ ಮುಗಿದು ತಲೆ ಆರಿದ ಮೇಲೆ ಕಡ್ಡಿಯನ್ನು ಒಲೆಗೆ ಹಾಕಿ ಕೆಂಪು ಓಲೆಯನ್ನು ತೊಡುತ್ತಾರೆ. ಬಂದವರು ಕೇಳಿದರೆ ಚನ್ನಪಟ್ಟಣದ್ದು ಎನ್ನುತ್ತಾರಂತೆ. ಸೆರಗನ್ನು ಮಾತ್ರ ಕಿವಿಯ ಮೇಲೆ ಎಳೆದುಕೊಳ್ಳುವುದಿಲ್ಲವೆಂದು ಅತ್ತಿಗೆ ಹೇಳಿದರು.